ಆಕ್ಸ್‌ಫರ್ಡ್ ಬೇಡವೆಂದ ಬ್ಯಾಟರಿ: ವಿಶ್ವವಿದ್ಯಾಲಯದ ಆವಿಷ್ಕಾರ ಯಾರ ಸ್ವತ್ತು?

[ತೆರೆಯ ಮೇಲೆ: ಬಿಚ್ಚಿಟ್ಟ ಮೊಬೈಲ್. ಕ್ಯಾಮೆರಾ ಬ್ಯಾಟರಿಯ ಮೇಲೆ ನಿಲ್ಲುತ್ತದೆ.]

ನಮಸ್ಕಾರ. ಮೊಬೈಲ್ ಬ್ಯಾಟರಿಯ ಧನ ಧ್ರುವದಲ್ಲಿ, ಅಂದರೆ ಕ್ಯಾಥೋಡ್‌ನಲ್ಲಿ, ಸಾಮಾನ್ಯವಾಗಿ ಒಂದು ಕಪ್ಪು ಪುಡಿ ಇರುತ್ತದೆ. ಅದರ ಹೆಸರು ಲಿಥಿಯಂ ಕೋಬಾಲ್ಟ್ ಆಕ್ಸೈಡ್. ಅದರಿಂದ ನಾಲ್ಕು ವೋಲ್ಟ್ ಪಡೆಯಬಹುದೆಂದು 1980ರಲ್ಲಿ ತೋರಿಸಿಕೊಟ್ಟದ್ದು ಇಂಗ್ಲೆಂಡಿನ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಒಂದು ಪ್ರಯೋಗಾಲಯ. ಇದಕ್ಕೆ ಪೇಟೆಂಟ್ ಮಾಡಿಸೋಣವೆಂದರೆ ವಿಶ್ವವಿದ್ಯಾಲಯ ಆಸಕ್ತಿ ತೋರಲಿಲ್ಲ. ಕೊನೆಗೆ ಅದರ ಹಕ್ಕು ಪರಮಾಣು ಸಂಶೋಧನೆಯ ಸರ್ಕಾರಿ ಸಂಸ್ಥೆಯೊಂದರ ಪಾಲಾಯಿತು. ಮಾರುಕಟ್ಟೆಗೆ ತಂದು ಹೆಸರು ಮಾಡಿದ್ದು ಜಪಾನಿನ ಕಂಪನಿ. ಕಂಡುಹಿಡಿದ ಪ್ರಾಧ್ಯಾಪಕರಿಗೆ ರಾಯಲ್ಟಿಯೆಂದು ಒಂದು ಕಾಸೂ ಬರಲಿಲ್ಲ.

ಹಾಗಾದರೆ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಆವಿಷ್ಕಾರ ಯಾರದ್ದು? ಸಂಬಳ ಕೊಟ್ಟ ಸಂಸ್ಥೆಯದ್ದೇ, ನಿದ್ದೆಗೆಟ್ಟ ಸಂಶೋಧಕರದ್ದೇ, ತೆರಿಗೆ ಕಟ್ಟಿದ ಜನರದ್ದೇ? ಪೇಟೆಂಟ್ ಒಳ್ಳೆಯದೋ ಕೆಟ್ಟದ್ದೋ ಎಂದು ಜಗಳವಾಡುವವರು ಬಹಳ. ನನಗೆ ಅದು ಅರ್ಧ ಜಗಳವೆನಿಸುತ್ತದೆ. ಪೇಟೆಂಟ್ ಹಿಡಿದವರು ಅದನ್ನು ಯಾರಿಗೆ, ಯಾವ ಷರತ್ತಿನ ಮೇಲೆ ಕೊಟ್ಟರು ಎಂಬುದನ್ನು ನೋಡದೆ ಯಾವ ತೀರ್ಮಾನಕ್ಕೂ ಬರಲಾಗದು. ಬ್ಯಾಟರಿಗೆ ಆಮೇಲೆ ಬರೋಣ. ಮೊದಲು ಔಷಧಗಳ ಕಥೆ.

[ತೆರೆಯ ಮೇಲೆ: ಇನ್ಸುಲಿನ್ ಬಾಟಲಿಯ ಹಳೆಯ ಚಿತ್ರ.]

1922ರ ಜನವರಿಯಲ್ಲಿ ಕೆನಡಾದ ಟೊರಾಂಟೊದಲ್ಲಿ ಲಿಯೊನಾರ್ಡ್ ಥಾಂಪ್ಸನ್ ಎಂಬ 14 ವರ್ಷದ ಹುಡುಗನಿಗೆ ಇನ್ಸುಲಿನ್ ಕೊಟ್ಟರು. ಆ ಕಾಲದಲ್ಲಿ ಮಕ್ಕಳಿಗೆ ಸಕ್ಕರೆ ಕಾಯಿಲೆ ಬಂತೆಂದರೆ ಸಾವು ಖಚಿತ ಎಂದೇ ಅರ್ಥ. ಮರುವರ್ಷ ಅದರ ಪೇಟೆಂಟ್ ಹಕ್ಕನ್ನು ಸಂಶೋಧಕರು ತಲಾ ಒಂದು ಡಾಲರ್‌ಗೆ ಟೊರಾಂಟೊ ವಿಶ್ವವಿದ್ಯಾಲಯಕ್ಕೆ ಬರೆದುಕೊಟ್ಟರು. ಈ ಒಂದು ಡಾಲರಿನ ಕಥೆಯನ್ನು ತ್ಯಾಗದ ಕಥೆಯಾಗಿ ಹೇಳುವವರೇ ಹೆಚ್ಚು. ಅದರಲ್ಲಿ ವ್ಯವಹಾರಜ್ಞಾನವೂ ಇತ್ತು. ತಾವು ಪೇಟೆಂಟ್ ಮಾಡಿಸದಿದ್ದರೆ ಬೇರೆ ಯಾರೋ ಮಾಡಿಸಿಕೊಂಡು ಎಲ್ಲರ ಬಾಯಿಗೆ ಬೀಗ ಹಾಕಿಯಾರು, ಕಳಪೆ ಮದ್ದು ಮಾರುವವರನ್ನು ತಡೆಯಲು ಆಗದೆ ಹೋದೀತು ಎಂಬ ಲೆಕ್ಕಾಚಾರ ಅದು.

ಅದೇ ಕಾಲದಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಹ್ಯಾರಿ ಸ್ಟೀನ್‌ಬಾಕ್, ಆಹಾರದ ಮೇಲೆ ನೇರಳಾತೀತ ಕಿರಣ ಹಾಯಿಸಿದರೆ ಅದರಲ್ಲಿ ವಿಟಮಿನ್ ಡಿ ಹೆಚ್ಚುತ್ತದೆ ಎಂದು ಕಂಡುಕೊಂಡರು. ಮಕ್ಕಳ ಮೂಳೆ ಬಾಗಿಸುವ ರಿಕೆಟ್ಸ್‌ಗೆ ಇದು ಮದ್ದು. ಕೈಯಿಂದಲೇ ದುಡ್ಡು ಹಾಕಿ ಪೇಟೆಂಟ್‌ಗೆ ಅರ್ಜಿ ಹಾಕಿದರು. ದೊಡ್ಡ ಕಂಪನಿ ಕೊಳ್ಳಲು ಬಂದಾಗ ಕೊಡಲಿಲ್ಲ. ಹಳೆಯ ವಿದ್ಯಾರ್ಥಿಗಳ ನೆರವಿನಿಂದ 1925ರಲ್ಲಿ ಒಂದು ಪ್ರತಿಷ್ಠಾನ ಹುಟ್ಟಿತು. ಅದೇ ವಿಸ್ಕಾನ್ಸಿನ್ ಅಲ್ಯುಮ್ನಿ ರಿಸರ್ಚ್ ಫೌಂಡೇಷನ್, ಚಿಕ್ಕದಾಗಿ ವಾರ್ಫ್. ಪೇಟೆಂಟ್‌ನ ಆದಾಯ ಮತ್ತೆ ಸಂಶೋಧನೆಗೇ ಹರಿಯಬೇಕೆಂಬುದು ಉದ್ದೇಶ. ಆದರೆ ವಿಸ್ಕಾನ್ಸಿನ್ ಬೆಣ್ಣೆಯ ನಾಡು. ಹೈನುಗಾರರಿಗೆ ಪೆಟ್ಟು ಬೀಳಬಾರದೆಂದು ಬೆಣ್ಣೆಯ ಬದಲಿಗೆ ಬಳಸುವ ಮಾರ್ಗರಿನ್ ತಯಾರಕರಿಗೆ ಈ ತಂತ್ರದ ಪರವಾನಗಿ ಕೊಡಲಿಲ್ಲ. ಮಾರ್ಗರಿನ್ ತಿನ್ನುತ್ತಿದ್ದವರು ಬಡವರು. ರಿಕೆಟ್ಸ್ ಹೆಚ್ಚಾಗಿ ಕಾಡುತ್ತಿದ್ದದ್ದೂ ಬಡವರ ಮಕ್ಕಳನ್ನೇ. 1940ರ ದಶಕದಲ್ಲಿ ವಿಷಯ ನ್ಯಾಯಾಲಯಕ್ಕೆ ಹೋದಾಗ ನ್ಯಾಯಾಧೀಶರು ಇದನ್ನು ಎತ್ತಿ ಆಡಿದರು, ಪೇಟೆಂಟ್ ಬಿದ್ದುಹೋಯಿತು. ಒಳ್ಳೆಯವರು ಒಳ್ಳೆಯ ಉದ್ದೇಶದಿಂದ ಹಿಡಿದ ಪೇಟೆಂಟ್ ಕೂಡ ಯಾರದೋ ತುತ್ತಿಗೆ ಅಡ್ಡ ಬರುತ್ತದೆ.

[ತೆರೆಯ ಮೇಲೆ: ಹಿಮ ಸುರಿಯುವ ರಸ್ತೆ, ಲೋಹದ ಹಾಲಿನ ಕ್ಯಾನು.]

ಅದೇ ವಿಶ್ವವಿದ್ಯಾಲಯದ ಇನ್ನೊಂದು ಘಟನೆ ನನಗೆ ತುಂಬ ಇಷ್ಟ. 1933ರ ಫೆಬ್ರುವರಿಯ ಒಂದು ಶನಿವಾರ. ಹೊರಗೆ ಹಿಮಪಾತ. ಎಡ್ ಕಾರ್ಲ್‌ಸನ್ ಎಂಬ ರೈತ ಸುಮಾರು 300 ಕಿಲೋಮೀಟರ್ ಗಾಡಿ ಓಡಿಸಿಕೊಂಡು ಆ ವಿಶ್ವವಿದ್ಯಾಲಯವಿರುವ ಮ್ಯಾಡಿಸನ್ ನಗರಕ್ಕೆ ಬಂದ. ಗಾಡಿಯಲ್ಲಿ ಸತ್ತ ಕಡಸು, ಒಂದು ಕ್ಯಾನಿನ ತುಂಬ ಹೆಪ್ಪುಗಟ್ಟದ ರಕ್ತ, ಸುಮಾರು 45 ಕಿಲೋ ಹಾಳಾದ ಸ್ವೀಟ್ ಕ್ಲೋವರ್ ಮೇವು. ಪಶುವೈದ್ಯರ ಕಚೇರಿ ಮುಚ್ಚಿತ್ತು. ತೆರೆದಿದ್ದ ಬಾಗಿಲು ಕಾರ್ಲ್ ಪಾಲ್ ಲಿಂಕ್ ಅವರ ಜೀವರಸಾಯನಶಾಸ್ತ್ರದ ಪ್ರಯೋಗಾಲಯದ್ದು. ಮೇವು ಬದಲಿಸಿ ಎನ್ನುವುದರ ಹೊರತು ಆ ದಿನ ರೈತನಿಗೆ ಹೇಳಲು ಅವರ ಬಳಿ ಏನೂ ಇರಲಿಲ್ಲ. ರೈತ ಮರಳಿದ, ರಕ್ತ ಉಳಿಯಿತು.

ಕಾರಣ ಹಿಡಿಯಲು ಆರು ವರ್ಷ ಬೇಕಾಯಿತು. ಹೊಸದಾಗಿ ಕೊಯ್ದ ಹುಲ್ಲಿಗೆ ಸಿಹಿ ವಾಸನೆ ಕೊಡುವ ವಸ್ತು ಕೌಮರಿನ್. ಅದರಿಂದ ತೊಂದರೆಯಿಲ್ಲ. ಮೇವಿಗೆ ಬೂಷ್ಟು ಹಿಡಿದಾಗ ಅದೇ ಕೌಮರಿನ್ ಡೈಕೌಮರಾಲ್ ಎಂಬ ಬೇರೆಯೇ ವಸ್ತುವಾಗಿ ಮಾರ್ಪಡುತ್ತದೆ. ಇದು ದೇಹದಲ್ಲಿ ವಿಟಮಿನ್ ಕೆ ಮರುಬಳಕೆಯಾಗದಂತೆ ತಡೆಯುತ್ತದೆ. ವಿಟಮಿನ್ ಕೆ ಇಲ್ಲದೆ ರಕ್ತ ಹೆಪ್ಪುಗಟ್ಟದು. ಲಿಂಕ್ ತಂಡ ಇದೇ ಜಾತಿಯ ಹತ್ತಾರು ರಾಸಾಯನಿಕಗಳನ್ನು ತಯಾರಿಸಿತು. ಪಟ್ಟಿಯ 42ನೆಯದು ಪ್ರಬಲವಾಗಿತ್ತು. 1948ರಲ್ಲಿ ಅದನ್ನು ಇಲಿ ಪಾಷಾಣವಾಗಿ ಮಾರುಕಟ್ಟೆಗೆ ಬಿಟ್ಟರು. ಅದೇ ವಾರ್ಫರಿನ್. ಖರ್ಚು ಹಾಕಿದ ವಾರ್ಫ್ ಪ್ರತಿಷ್ಠಾನದ ಹೆಸರೇ ಅದಕ್ಕೆ ಬಂತು. 1954ರಲ್ಲಿ ಮನುಷ್ಯರಿಗೆ ಕೊಡಲೂ ಅನುಮತಿ ಸಿಕ್ಕಿತು. ಮರುವರ್ಷ ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್‌ಗೆ ಹೃದಯಾಘಾತವಾದಾಗ ವೈದ್ಯರು ಇದನ್ನೇ ಕೊಟ್ಟರು.

ಹೃದಯಕ್ಕೆ ಲೋಹದ ಕವಾಟ ಹಾಕಿಸಿಕೊಂಡವರು ನಿಮ್ಮ ಮನೆಯಲ್ಲಿದ್ದರೆ ಉಳಿದದ್ದು ನಿಮಗೇ ಗೊತ್ತು. ವಾರ್ಫರಿನ್ ಅಥವಾ ಅದರ ದಾಯಾದಿ ಅಸೆನೊಕೌಮರಾಲ್ ಮಾತ್ರೆ, ರಕ್ತ ಎಷ್ಟು ಬೇಗ ಹೆಪ್ಪುಗಟ್ಟುತ್ತದೆ ಎಂದು ನೋಡಲು ಆಗಾಗ ಐಎನ್‌ಆರ್ ಎಂಬ ರಕ್ತಪರೀಕ್ಷೆ, ‘ಸೊಪ್ಪು ಒಂದು ದಿನ ರಾಶಿ, ಒಂದು ದಿನ ಇಲ್ಲ ಎಂದು ಮಾಡಬೇಡಿ’ ಎನ್ನುವ ವೈದ್ಯರ ಎಚ್ಚರಿಕೆ. ಹಸಿರು ಸೊಪ್ಪಿನಲ್ಲಿ ವಿಟಮಿನ್ ಕೆ ಹೇರಳ. ಮಾತ್ರೆ ಒಂದು ಕಡೆ ಎಳೆದರೆ ಸೊಪ್ಪಿನ ಸಾರು ಇನ್ನೊಂದು ಕಡೆ ಎಳೆಯುತ್ತದೆ.

ರಸಾಯನಶಾಸ್ತ್ರದ ಇನ್ನೊಂದು ವಿಚಿತ್ರವನ್ನು ಬೇಗ ಹೇಳಿ ಮುಂದೆ ಹೋಗುತ್ತೇನೆ. ಮಿಶಿಗನ್ ಸ್ಟೇಟ್ ವಿಶ್ವವಿದ್ಯಾಲಯದ ಬಾರ್ನೆಟ್ ರೋಸೆನ್‌ಬರ್ಗ್ ಓದಿದ್ದು ಭೌತಶಾಸ್ತ್ರ. ಜೀವಕೋಶ ಒಡೆದು ಎರಡಾಗುವಾಗ ಕಾಣುವ ಎಳೆಗಳು ಅವರ ಕಣ್ಣಿಗೆ ಆಯಸ್ಕಾಂತದ ಬಲರೇಖೆಗಳ ಹಾಗೆ ಕಂಡವು. ಬ್ಯಾಕ್ಟೀರಿಯಾಗಳಿಗೆ ವಿದ್ಯುತ್ ಹಾಯಿಸಿ ನೋಡಿದರು. ಅವು ಒಡೆಯುವುದನ್ನು ನಿಲ್ಲಿಸಿದವು, ಬೆಳೆಯುವುದನ್ನು ನಿಲ್ಲಿಸಲಿಲ್ಲ. ಸಹಜ ಉದ್ದದ 300 ಪಟ್ಟು ನೀಳವಾದ ನೂಲಿನಂತಾದವು. ವಿದ್ಯುತ್ತಿನ ಮಹಿಮೆ ಎಂದುಕೊಂಡರೆ ಅದಲ್ಲ. ಯಾವುದಕ್ಕೂ ಕರಗುವುದಿಲ್ಲವೆಂದು ನಂಬಿ ಇಟ್ಟಿದ್ದ ಪ್ಲಾಟಿನಂ ವಿದ್ಯುದ್ವಾರವೇ ದ್ರಾವಣದಲ್ಲಿ ಚೂರುಚೂರೇ ಕರಗುತ್ತಿತ್ತು. 1965ರಲ್ಲಿ ಪ್ರಕಟವಾದ ಈ ಸಂಶೋಧನೆಯಿಂದ ಸಿಸ್‌ಪ್ಲಾಟಿನ್ ಎಂಬ ಕ್ಯಾನ್ಸರ್ ಔಷಧ ಹುಟ್ಟಿತು. ಅಮೆರಿಕದಲ್ಲಿ 1978ರಲ್ಲಿ ಅನುಮತಿ ಸಿಕ್ಕಿತು. ಆ ರಾಸಾಯನಿಕ ಹತ್ತೊಂಬತ್ತನೆಯ ಶತಮಾನದಿಂದಲೇ ಗೊತ್ತಿತ್ತು, ಅದರ ಗುಣ ಗೊತ್ತಿರಲಿಲ್ಲ. ರಾಯಲ್ಟಿಯ ಹಣ ವಿಶ್ವವಿದ್ಯಾಲಯದ ಪ್ರತಿಷ್ಠಾನಕ್ಕೆ ಬಂತು. ಇಲ್ಲಿ ಎಲ್ಲರೂ ಗೆದ್ದರು ಎನ್ನಬಹುದು.

[ತೆರೆಯ ಮೇಲೆ: ಪದರ ಪದರವಾದ ಹರಳಿನ ರಚನೆ, ನಡುವೆ ಚಲಿಸುವ ಚಿಕ್ಕ ಗೋಲಿಗಳು.]

ಈಗ ಆಕ್ಸ್‌ಫರ್ಡ್. ಜಾನ್ ಗುಡ್‌ಇನಫ್ 1976ರಲ್ಲಿ ಅಲ್ಲಿನ ಅಜೈವಿಕ ರಸಾಯನಶಾಸ್ತ್ರ ಪ್ರಯೋಗಾಲಯದ ಮುಖ್ಯಸ್ಥರಾಗಿ ಬಂದರು. ಆಗಲೇ ಅಮೆರಿಕದ ಎಕ್ಸಾನ್ ಕಂಪನಿಯಲ್ಲಿ ಸ್ಟಾನ್ಲಿ ವಿಟಿಂಗ್‌ಹ್ಯಾಮ್ ಟೈಟಾನಿಯಂ ಡೈಸಲ್ಫೈಡ್ ಬಳಸಿ ಲಿಥಿಯಂ ಬ್ಯಾಟರಿ ಮಾಡಿದ್ದರು. ಎರಡು ವೋಲ್ಟ್‌ಗಿಂತ ಸ್ವಲ್ಪ ಹೆಚ್ಚು ಬರುತ್ತಿತ್ತು. ಗಂಧಕದ ಸಂಯುಕ್ತದ ಬದಲು ಆಮ್ಲಜನಕದ ಸಂಯುಕ್ತ ಬಳಸಿದರೆ ವೋಲ್ಟೇಜ್ ಏರಬೇಕು ಎಂದು ಗುಡ್‌ಇನಫ್ ತರ್ಕಿಸಿದರು. ಜಪಾನಿನಿಂದ ಬಂದಿದ್ದ ಕೊಯಿಚಿ ಮಿಜುಶಿಮಾ ಮತ್ತಿಬ್ಬರೊಂದಿಗೆ ಒಂದೊಂದೇ ಆಕ್ಸೈಡನ್ನು ಪರೀಕ್ಷಿಸುತ್ತ ಹೋದರು. ಪ್ರಶ್ನೆ ಇದ್ದದ್ದು ಇಷ್ಟೇ: ಪದರಗಳ ನಡುವಿನ ಲಿಥಿಯಂ ಅನ್ನು ಎಷ್ಟು ಹೊರಗೆಳೆದರೆ ಹರಳು ಕುಸಿಯುತ್ತದೆ? ಮಡಿಸಿಟ್ಟ ಸೀರೆಯ ಮಡಿಕೆಗಳ ನಡುವೆ ಇಟ್ಟ ನುಸಿಗುಳಿಗೆಗಳಲ್ಲಿ ಅರ್ಧದಷ್ಟನ್ನು ತೆಗೆದರೂ ಮಡಿಕೆ ಕೆಡದ ಹಾಗೆ, ಕೋಬಾಲ್ಟ್ ಆಕ್ಸೈಡ್ ತನ್ನ ಅರ್ಧ ಲಿಥಿಯಂ ಬಿಟ್ಟುಕೊಟ್ಟೂ ನಿಂತಿತು. ವೋಲ್ಟೇಜ್ ನಾಲ್ಕು.

ಇದರಲ್ಲಿ ಇನ್ನೊಂದು ಸೂಕ್ಷ್ಮವಿದೆ. ಬಹಳ ಜನ ಇದನ್ನು ಹೇಳುವುದಿಲ್ಲ. ಅದುವರೆಗಿನ ಲಿಥಿಯಂ ಬ್ಯಾಟರಿಯಲ್ಲಿ ಲಿಥಿಯಂ ಲೋಹವೇ ಋಣ ಧ್ರುವ. ಬೆಂಕಿ ಹತ್ತುವ ಭಯ ಅದರ ಬೆನ್ನಿಗೇ ಇತ್ತು. ಹೊಸ ಕ್ಯಾಥೋಡ್‌ನ ಹೊಟ್ಟೆಯಲ್ಲೇ ಲಿಥಿಯಂ ಇದ್ದುದರಿಂದ ಎದುರುಗಡೆ ಲೋಹ ಬೇಕಾಗಿಯೇ ಇರಲಿಲ್ಲ. ಬ್ಯಾಟರಿ ಖಾಲಿಯಾಗಿಯೇ ಹುಟ್ಟುತ್ತದೆ, ಆಮೇಲೆ ಚಾರ್ಜ್ ಆಗುತ್ತದೆ. ಇದರ ಲಾಭವನ್ನು ಸರಿಯಾಗಿ ಗ್ರಹಿಸಿದವರು ಜಪಾನಿನ ಅಸಾಹಿ ಕಾಸೇಯ್ ಕಂಪನಿಯ ಅಕಿರಾ ಯೋಶಿನೊ. 1985ರಲ್ಲಿ ಅವರು ಋಣ ಧ್ರುವಕ್ಕೆ ಇಂಗಾಲದ ಪದಾರ್ಥ ಜೋಡಿಸಿದರು. 1991ರಲ್ಲಿ ಸೋನಿ ಲಿಥಿಯಂ ಅಯಾನ್ ಬ್ಯಾಟರಿಯನ್ನು ಮಾರುಕಟ್ಟೆಗೆ ತಂದಿತು.

ಆಕ್ಸ್‌ಫರ್ಡ್ ಕೈ ಕಟ್ಟಿ ಕೂತಾಗ, ಹತ್ತಿರದ ಹಾರ್ವೆಲ್‌ನಲ್ಲಿದ್ದ ಪರಮಾಣು ಸಂಶೋಧನಾ ಕೇಂದ್ರ ಪೇಟೆಂಟ್ ಖರ್ಚು ತಾನು ನೋಡಿಕೊಳ್ಳುತ್ತೇನೆ ಎಂದಿತ್ತು. ಷರತ್ತು: ಗುಡ್‌ಇನಫ್ ತಮ್ಮ ಹಕ್ಕು ಬಿಟ್ಟುಕೊಡಬೇಕು. ಅವರು ಸಹಿ ಹಾಕಿದರು. 2019ರಲ್ಲಿ ವಿಟಿಂಗ್‌ಹ್ಯಾಮ್, ಯೋಶಿನೊ ಜೊತೆ ನೊಬೆಲ್ ಬಂದಾಗ ಗುಡ್‌ಇನಫ್‌ಗೆ 97 ವರ್ಷ. ಅಷ್ಟು ವಯಸ್ಸಿನಲ್ಲಿ ನೊಬೆಲ್ ಪಡೆದವರು ಬೇರೆ ಯಾರೂ ಇಲ್ಲ. ನೊಬೆಲ್ ಉಪನ್ಯಾಸವನ್ನು ಅವರ ಪರವಾಗಿ ಕೊಟ್ಟದ್ದು ತಮಿಳುನಾಡಿನ ಅರುಮುಗಂ ಮಂತಿರಾಮ್, ಆಕ್ಸ್‌ಫರ್ಡ್ ಕಾಲದಿಂದ ಅವರ ಜೊತೆಗಾರ.

[ತೆರೆಯ ಮೇಲೆ: 1997ರ ಸಂಶೋಧನಾ ಪ್ರಬಂಧದ ಮೊದಲ ಪುಟ, ಮೂರು ಹೆಸರುಗಳು.]

ಗುಡ್‌ಇನಫ್ 1986ರಲ್ಲಿ ಟೆಕ್ಸಾಸ್ ವಿಶ್ವವಿದ್ಯಾಲಯಕ್ಕೆ ಹೋದರು. ಅಲ್ಲಿಂದ 1997ರಲ್ಲಿ ಬಂದ ಪ್ರಬಂಧದಲ್ಲಿ ಮೂರು ಹೆಸರುಗಳಿವೆ: ಪಾಢಿ, ಕೆ.ಎಸ್. ನಂಜುಂಡಸ್ವಾಮಿ, ಗುಡ್‌ಇನಫ್. ಎರಡನೆಯ ಹೆಸರು ಓದುವಾಗ ಕನ್ನಡದವರು ಒಂದು ಗಳಿಗೆ ನಿಲ್ಲದಿರುವುದು ಕಷ್ಟ. ಪ್ರಬಂಧದ ವಸ್ತು ಲಿಥಿಯಂ ಕಬ್ಬಿಣ ಫಾಸ್ಫೇಟ್, ಎಲ್ಎಫ್‌ಪಿ. ಕೋಬಾಲ್ಟ್ ದುಬಾರಿ, ಕಬ್ಬಿಣ ಅಗ್ಗ. ಅದಕ್ಕಿಂತ ಮುಖ್ಯವಾಗಿ, ಫಾಸ್ಫೇಟ್‌ನಲ್ಲಿ ರಂಜಕವು ಆಮ್ಲಜನಕವನ್ನು ಬಿಗಿಯಾಗಿ ಹಿಡಿದಿರುತ್ತದೆ. ಬಿಸಿಯಾದರೂ ಆಮ್ಲಜನಕ ಸುಲಭವಾಗಿ ಹೊರಬೀಳುವುದಿಲ್ಲ, ಬೆಂಕಿಗೆ ತುಪ್ಪ ಸುರಿಯುವುದಿಲ್ಲ. ದೋಷವೆಂದರೆ ಇದು ವಿದ್ಯುತ್ತನ್ನು ಸರಿಯಾಗಿ ಹರಿಸದು. ಕಣಗಳನ್ನು ತೀರ ಚಿಕ್ಕದಾಗಿಸಿ ಇಂಗಾಲದ ಲೇಪ ಕೊಟ್ಟ ಮೇಲೆ ಆ ಕೊರತೆ ನೀಗಿತು.

ಈ ಸಲ ಪೇಟೆಂಟ್ ವಿಷಯದಲ್ಲಿ ವಿಶ್ವವಿದ್ಯಾಲಯ ಮಲಗಿರಲಿಲ್ಲ. ಆದರೂ ಜಗಳ ತಪ್ಪಲಿಲ್ಲ. ಅತಿಥಿ ಸಂಶೋಧಕರ ಮೂಲಕ ಮಾಹಿತಿ ಜಪಾನಿನ ಎನ್‌ಟಿಟಿ ಕಂಪನಿಗೆ ಹೋಯಿತೆಂದು ಆರೋಪಿಸಿ ಟೆಕ್ಸಾಸ್ ದಾವೆ ಹೂಡಿತು. 2008ರಲ್ಲಿ 3 ಕೋಟಿ ಡಾಲರ್‌ಗೆ ರಾಜಿಯಾಯಿತು. ಕೆನಡಾದ ವಿದ್ಯುತ್ ಸಂಸ್ಥೆ ಹೈಡ್ರೊ-ಕ್ವಿಬೆಕ್ ಪರವಾನಗಿ ಪಡೆದಿತ್ತು, ಅವರದೂ ಮೊಕದ್ದಮೆಗಳು. ಈ ಗಲಾಟೆಯ ನಡುವೆ, ಚೀನಾದೊಳಗೆ ತಯಾರಿಸಿ ಅಲ್ಲಿಯೇ ಮಾರಿದರೆ ಪೇಟೆಂಟ್ ಶುಲ್ಕ ಬೇಡ ಎಂಬ ವ್ಯವಸ್ಥೆ ಚೀನಾದ ಕಂಪನಿಗಳಿಗೆ ಸಿಕ್ಕಿತ್ತೆಂದು ಉದ್ಯಮದವರು ಹೇಳುತ್ತಾರೆ. ಉಳಿದವರು ವಕೀಲರಿಗೆ ಹಣ ತೆರುತ್ತಿದ್ದಾಗ ಚೀನಾ ಕಾರ್ಖಾನೆ ಕಟ್ಟಿತು, ಬಸ್ಸು ಓಡಿಸಿತು, ಕೈ ಪಳಗಿಸಿಕೊಂಡಿತು. 2022ರ ಹೊತ್ತಿಗೆ ಮುಖ್ಯ ಪೇಟೆಂಟ್‌ಗಳ ಅವಧಿ ಮುಗಿದಾಗ ಎಲ್ಎಫ್‌ಪಿಯಲ್ಲಿ ಅದರ ಹತ್ತಿರ ಸುಳಿಯುವವರೂ ಇರಲಿಲ್ಲ. ನಾನು ಆಗ ಹೇಳಿದ ಷರತ್ತಿನ ಮಾತು ಇದೇ. ಹೊಳೆದದ್ದು ಟೆಕ್ಸಾಸ್‌ನಲ್ಲಿ, ಫಸಲು ಬೇರೆಯವರ ಕಣಜದಲ್ಲಿ.

ಆಕ್ಸ್‌ಫರ್ಡ್ ಕೂಡ ಬದಲಾಯಿತು. ಪೇಟೆಂಟ್ ನೋಡಿಕೊಳ್ಳಲೆಂದೇ 1987ರಲ್ಲಿ ತನ್ನದೇ ಕಂಪನಿ ಕಟ್ಟಿಕೊಂಡಿತು. 2020ರಲ್ಲಿ, ಚಿಂಪಾಂಜಿಗಳಿಗೆ ನೆಗಡಿ ತರುವ ವೈರಸ್ಸನ್ನು ಮಾರ್ಪಡಿಸಿ ಅಲ್ಲಿನವರು ಕೋವಿಡ್ ಲಸಿಕೆ ರೂಪಿಸಿದಾಗ ಹಕ್ಕು ಆಸ್ಟ್ರಾಜೆನೆಕಾ ಕಂಪನಿಗೆ ಹೋಯಿತು; ಮಹಾಮಾರಿ ಇರುವವರೆಗೆ ಲಾಭವಿಲ್ಲದೆ ಮಾರಬೇಕೆಂಬುದು ಮಾತು. ಹಕ್ಕನ್ನು ಎಲ್ಲರಿಗೂ ಬಿಡಬೇಕಿತ್ತು, ಒಂದೇ ಕಂಪನಿಗೆ ಕಟ್ಟಿಕೊಟ್ಟದ್ದು ತಪ್ಪು ಎಂದವರೂ ಇದ್ದಾರೆ. ಅವರ ವಾದದಲ್ಲಿ ಹುರುಳಿದೆ. ಆದರೂ ಪುಣೆಯ ಸೀರಂ ಸಂಸ್ಥೆ ಅದೇ ಒಪ್ಪಂದದಡಿ ತಯಾರಿಸಿದ ಕೋವಿಶೀಲ್ಡ್ ಈ ವಿಡಿಯೋ ನೋಡುತ್ತಿರುವ ನಿಮ್ಮಲ್ಲಿ ಬಹಳ ಜನರ ತೋಳಿಗೆ ಬಿದ್ದಿದೆ.

ನಮ್ಮ ದೇಶದಲ್ಲಿ? ಸರ್ಕಾರದ ಹಣದಲ್ಲಿ ನಡೆದ ಸಂಶೋಧನೆಯ ಹಕ್ಕನ್ನು ವಿಶ್ವವಿದ್ಯಾಲಯಗಳಿಗೆ ಕೊಡುವ ಅಮೆರಿಕದ 1980ರ ಕಾನೂನಿನ ಮಾದರಿಯಲ್ಲಿ 2008ರಲ್ಲಿ ರಾಜ್ಯಸಭೆಯಲ್ಲಿ ಒಂದು ಮಸೂದೆ ಮಂಡನೆಯಾಗಿತ್ತು. ಅದು ಕಾನೂನಾಗಲಿಲ್ಲ, 2014ರಲ್ಲಿ ಹಿಂದಕ್ಕೆ ಪಡೆದರು.

[ತೆರೆಯ ಮೇಲೆ: ಇನ್ವರ್ಟರ್ ಬ್ಯಾಟರಿಯ ಲೇಬಲ್, ಹತ್ತಿರದಿಂದ.]

ಕೊನೆಗೆ ಕೈಗೆ ಉಪಯೋಗಕ್ಕೆ ಬರುವ ಒಂದು ವಿಷಯ. ಲಿಥಿಯಂ ಇನ್ವರ್ಟರ್ ಬ್ಯಾಟರಿ ಕೊಳ್ಳುವಾಗ ಅಂಗಡಿಯವರು ಏನೇ ಹೇಳಲಿ, ಲೇಬಲ್‌ನ ವೋಲ್ಟೇಜ್ ನೋಡಿ. ಎಲ್ಎಫ್‌ಪಿ ಕೋಶ ಒಂದಕ್ಕೆ 3.2 ವೋಲ್ಟ್, ಕೋಬಾಲ್ಟ್ ಇರುವ ಕೋಶಗಳು 3.6 ಅಥವಾ 3.7. ಲೇಬಲ್‌ನಲ್ಲಿ 12.8 ಎಂದಿದ್ದರೆ ಒಳಗೆ ನಾಲ್ಕು ಎಲ್ಎಫ್‌ಪಿ ಕೋಶಗಳ ಸರಣಿ, 51.2 ಎಂದಿದ್ದರೆ ಹದಿನಾರು. 11.1 ಎಂದಿದ್ದರೆ 3.7ರ ಮೂರು ಕೋಶಗಳು, ಅಂದರೆ ಅದು ಎಲ್ಎಫ್‌ಪಿ ಅಲ್ಲ. ಮನೆಯೊಳಗೆ ಇಡುವುದಾದರೆ ನಾನು ಎಲ್ಎಫ್‌ಪಿಯನ್ನೇ ಆರಿಸುತ್ತೇನೆ. ತೂಕ ಸ್ವಲ್ಪ ಹೆಚ್ಚು, ಆದರೆ ಮೂಲೆಯಲ್ಲಿ ಕೂರುವ ಬ್ಯಾಟರಿಯ ತೂಕ ಯಾರಿಗೆ ಬೇಕು?