ಗದ್ದಲ ಇದ್ದರೆ ಹೆಸರು ಕೂಗಿ

ನಮಸ್ಕಾರ. 2025ರ ಮಾರ್ಚ್ 21, ನಮ್ಮ ವಿಧಾನಸಭೆ. ನೆನಪಿದೆಯಾ? ಒಂದು ಕಡೆ ಹನಿಟ್ರ್ಯಾಪ್ ಆರೋಪ, ಇನ್ನೊಂದು ಕಡೆ ಸರ್ಕಾರಿ ಗುತ್ತಿಗೆಯಲ್ಲಿ ಮುಸ್ಲಿಮರಿಗೆ ಶೇ 4 ಮೀಸಲಾತಿಯ ಮಸೂದೆ. ಬಿಜೆಪಿಯವರು ಸ್ಪೀಕರ್ ಮುಂದಿನ ಜಾಗಕ್ಕೆ, ಅಂದರೆ ಸದನದ ಬಾವಿಗಿಳಿದರು. ಕೆಲವರು ಸ್ಪೀಕರ್ ಪೀಠದವರೆಗೂ ಹತ್ತಿದರು. ಹರಿದ ಕಾಗದದ ಚೂರು ಗಾಳಿಪಟದ ಹಾಗೆ ಹಾರಾಡಿತು. 18 ಶಾಸಕರು ಅಮಾನತಾದರು. ಮಾರ್ಷಲ್‌ಗಳು ಅವರನ್ನು ಎತ್ತಿಕೊಂಡು ಹೋದರು. ಟಿವಿಯವರಿಗೆ ಹಬ್ಬ.

ಅದೇ ದಿನ, ಅದೇ ಗಲಾಟೆಯಲ್ಲಿ ಇನ್ನೊಂದು ಕೆಲಸವೂ ಮುಗಿಯಿತು. ಶಾಸಕರ ತಿಂಗಳ ಸಂಬಳ 40,000 ರೂಪಾಯಿ ಇದ್ದದ್ದು 80,000 ಆಯಿತು. ಮುಖ್ಯಮಂತ್ರಿಯದು 75,000ದಿಂದ ಒಂದೂವರೆ ಲಕ್ಷಕ್ಕೆ ಏರಿತು. ಚರ್ಚೆ ಮಾತ್ರ ಆಗಲೇ ಇಲ್ಲ.

ಇದು ಕಾಂಗ್ರೆಸ್ ಬುದ್ಧಿ ಅಂತ ಯಾರಾದರೂ ಕಾಮೆಂಟ್ ಹಾಕುವ ಮೊದಲು 2022ರ ಫೆಬ್ರವರಿಗೆ ಹೋಗಿ ಬನ್ನಿ. ಆಗ ಬಿಜೆಪಿ ಸರ್ಕಾರ. ಆಗ ಸಚಿವರಾಗಿದ್ದ ಈಶ್ವರಪ್ಪನವರ ಕೇಸರಿ ಧ್ವಜದ ಮಾತಿಗೆ ಕಾಂಗ್ರೆಸ್‌ನವರು ಸದನದಲ್ಲೇ ಅಹೋರಾತ್ರಿ ಧರಣಿ ಕೂತಿದ್ದರು. ಸಂಬಳದ ಮಸೂದೆ ಆಗಲೂ ಗದ್ದಲದಲ್ಲೇ ಪಾಸು. ಕೂಗುವವರು ಬದಲಾದರು ಅಷ್ಟೇ.

ಸಂಬಳ ಜಾಸ್ತಿ ಮಾಡಿಕೊಂಡದ್ದಕ್ಕೆ ನನಗೇನೂ ಬೇಜಾರಿಲ್ಲ. ಬೆಂಗಳೂರಿನ ಬಾಡಿಗೆ ನನಗೂ ಗೊತ್ತು. ನನ್ನ ತಕರಾರು ಪಾಸಾಗುವ ರೀತಿಯ ಮೇಲೆ, ಅಂದರೆ ಧ್ವನಿಮತದ ಮೇಲೆ. ಸ್ಪೀಕರ್ ಕೇಳುತ್ತಾರೆ: 'ಹೌದು ಎನ್ನುವವರು ಹೌದು ಎನ್ನಿ, ಇಲ್ಲ ಎನ್ನುವವರು ಇಲ್ಲ ಎನ್ನಿ.' ಅಷ್ಟು ಕೂಗಾಟದಲ್ಲಿ ಯಾರು ಏನಂದರು ಅಂತ ಯಾರಿಗೆ ಕೇಳುತ್ತೆ? ಧ್ವನಿಮತಕ್ಕೆ ಒಪ್ಪದವರು ಮತ ಎಣಿಸಿ ಅಂತ ಕೇಳಬಹುದು. ಆದರೆ ತಮ್ಮದೇ ಸಂಬಳಕ್ಕೆ ಯಾರು ಕೇಳುತ್ತಾರೆ?

ಅದಕ್ಕೇ ನಾನು ಕೇಳುವುದು ಒಂದೇ ಬದಲಾವಣೆ. ಸದನದಲ್ಲಿ ಗದ್ದಲ ಇದ್ದರೆ ಧ್ವನಿಮತ ನಡೆಯಕೂಡದು. ಒಬ್ಬೊಬ್ಬರ ಹೆಸರು ಕೂಗಿ ಮತ ಬರೆದುಕೊಳ್ಳಬೇಕು. ಶಾಸಕರ ಸಂಬಳದ ಮಸೂದೆಗಂತೂ ಗದ್ದಲ ಇರಲಿ, ಬಿಡಲಿ, ಹೆಸರು ಬೇಕೇ ಬೇಕು. ಹಾಗಾದರೆ ವಿರೋಧ ಪಕ್ಷ ಕೂಗಿ ಕೂಗಿ ಎಲ್ಲ ಮಸೂದೆಯನ್ನೂ ತಡೆಯುವುದಿಲ್ಲವಾ? ಇಲ್ಲ. ಬಹುಮತ ಇರುವ ಸರ್ಕಾರ ಗೆದ್ದೇ ಗೆಲ್ಲುತ್ತದೆ. ಸ್ವಲ್ಪ ಹೊತ್ತು ಹಿಡಿಯುತ್ತದೆ, ಅಷ್ಟೇ.

ಹೊತ್ತು ಕೊಡುವುದು ನಮ್ಮವರಿಗೆ ಗೊತ್ತಿಲ್ಲ ಅಂತಲೂ ಅಲ್ಲ. ಬೆಂಗಳೂರಿನ ಆಡಳಿತ ಬದಲಿಸುವ ಗ್ರೇಟರ್ ಬೆಂಗಳೂರು ಮಸೂದೆ 2024ರ ಜುಲೈನಲ್ಲಿ ಬಂತು. ಜಂಟಿ ಸಮಿತಿಗೆ ಹೋಯಿತು, ತಿದ್ದಿಸಿಕೊಂಡು ಬಂತು, 2025ರ ಮಾರ್ಚ್‌ನಲ್ಲಿ ಪಾಸಾಯಿತು. ಆ ಕಾನೂನಿನ ಬಗ್ಗೆ ನನಗೆ ಬೇರೆ ಜಗಳ ಇದೆ, ಅದು ಇನ್ನೊಂದು ಎಪಿಸೋಡ್‌ಗೆ ಇರಲಿ. ಸಂಬಳದ ಮಸೂದೆ ಪಾಸಾದದ್ದೂ ಅದೇ ಮಾರ್ಚ್‌ನಲ್ಲಿ ಅಲ್ವಾ?

ಮತ ಹಾಕುವ ಈ ನಿಯಮ ಬದಲಿಸಲು ದೆಹಲಿಗೆ ಹೋಗಬೇಕಿಲ್ಲ. ಸಂವಿಧಾನದ 208ನೇ ವಿಧಿಯ ಪ್ರಕಾರ ತನ್ನ ಕಲಾಪದ ನಿಯಮವನ್ನು ಸದನವೇ ಮಾಡಿಕೊಳ್ಳಬಹುದು.

ಮುಂದಿನ ಸಲ ನಿಮ್ಮ ಶಾಸಕರು ಊರಿನ ಯಾವುದಾದರೂ ಮದುವೆ ಊಟಕ್ಕೆ ಸಿಕ್ಕರೆ ಸುಮ್ನೆ ಕೇಳಿ ನೋಡಿ. 'ಸರ್, ಅವತ್ತು ಸಂಬಳದ ಮಸೂದೆಗೆ ನೀವು ಹೌದು ಅಂದಿರಾ, ಇಲ್ಲ ಅಂದಿರಾ?' ಏನು ಹೇಳಿದರು ಅಂತ ಕೆಳಗೆ ಬರೆಯಿರಿ, ನಾನು ಓದ್ತೀನಿ.