ಧರೆ ಕಡಿಯುವ ಮುನ್ನ: ಮಲೆನಾಡಿನಲ್ಲಿ ಕಲ್ಲು ಮಣ್ಣಾಗುವ ಬಗೆ

ಎಲ್ಲರಿಗೂ ನಮಸ್ಕಾರ.

ಬಿರುಕಿಗೆ ಇಳಿದ ನೀರು ಹೆಪ್ಪುಗಟ್ಟಿ, ಹಿಗ್ಗಿ, ಬಂಡೆಯನ್ನು ಸೀಳುತ್ತದೆ ಎಂದು ಶಾಲೆಯಲ್ಲಿ ಓದಿರುತ್ತೀರಿ. ಹಿಮಾಲಯದ ಮಟ್ಟಿಗೆ ಅದು ನಿಜ. ತೀರ್ಥಹಳ್ಳಿ, ಹೊಸನಗರದ ಕಡೆ ನೀರು ಹೆಪ್ಪುಗಟ್ಟುವುದೇ ಇಲ್ಲ. ಇಲ್ಲಿನ ಬಂಡೆ ನೆಲದೊಳಗೇ, ಯಾರ ಕಣ್ಣಿಗೂ ಬೀಳದೆ, ಕೊಳೆಯುತ್ತದೆ. ಮನೆಗೋ ರಸ್ತೆಗೋ ಧರೆಯನ್ನು, ಅಂದರೆ ಗುಡ್ಡದ ಬದಿಯ ಕಡಿದಾದ ಮಣ್ಣನ್ನು, ಕಡಿದಾಗ ನಮ್ಮೆದುರು ನಿಲ್ಲುವುದು ಆ ಕೊಳೆತದ ಬೇರೆಬೇರೆ ಹಂತಗಳು. ಅವನ್ನು ಗುರುತಿಸಲು ಬಾರದೆ ಗುಡ್ಡಕ್ಕೆ ಜೆಸಿಬಿ ಹಚ್ಚಬಾರದು.

ಮೊದಲು ಕೊಳೆಸುವುದು ಯಾವುದು ಎಂದು ನೋಡೋಣ. ಮಳೆನೀರು ಗಾಳಿಯ ಇಂಗಾಲದ ಡೈಆಕ್ಸೈಡನ್ನು ಕರಗಿಸಿಕೊಂಡು ತುಸು ಆಮ್ಲೀಯವಾಗುತ್ತದೆ. ಶುದ್ಧ ಮಳೆನೀರಿನ ಪಿಎಚ್ (ಹುಳಿಯ ಅಳತೆ; 7ಕ್ಕಿಂತ ಕೆಳಗಿಳಿದಷ್ಟೂ ಹುಳಿ ಹೆಚ್ಚು) ಸುಮಾರು 5.6. ಗಾಳಿಯಲ್ಲಿ ಈ ಅನಿಲ ಇರುವುದು ಶೇ. 0.04ರಷ್ಟು. ಬೇರುಗಳು ಉಸಿರಾಡುವ, ದರಗು (ಉದುರಿದ ಒಣ ಎಲೆ) ಕೊಳೆಯುವ ಕಾಡಿನ ಮಣ್ಣಿನಲ್ಲಿ ಅದು ಶೇ. 1 ದಾಟುವುದೂ ಉಂಟು. ಹೀಗಾಗಿ ಬಂಡೆಯನ್ನು ಮುಟ್ಟುವ ಹೊತ್ತಿಗೆ ನೀರು ಇನ್ನಷ್ಟು ಹುಳಿಯಾಗಿರುತ್ತದೆ. ಶಿವಮೊಗ್ಗ ನಗರದಲ್ಲಿ ವರ್ಷದ ಮಳೆ ಸಾವಿರ ಮಿ.ಮೀ. ಆಸುಪಾಸು, ಆಗುಂಬೆಯಲ್ಲಿ 7000 ಮಿ.ಮೀ.ಗೂ ಮೇಲೆ. ಸೆಕೆಯೂ ಇದಕ್ಕೆ ಕೂಡಿಕೊಳ್ಳುತ್ತದೆ: ಉಷ್ಣತೆ 10 ಡಿಗ್ರಿ ಏರಿದರೆ ಇಂಥ ರಾಸಾಯನಿಕ ಕ್ರಿಯೆಗಳ ವೇಗ ಎರಡು ಮೂರು ಪಟ್ಟಾಗುತ್ತದೆ.

ನಮ್ಮ ತಳಬಂಡೆ ಬಹುಪಾಲು ಸುಮಾರು 300 ಕೋಟಿ ವರ್ಷ ಹಳೆಯ ನೀಸ್ ಎಂಬ ಪಟ್ಟೆಪಟ್ಟೆಯ ಗಟ್ಟಿ ಕಲ್ಲು. ಅದರಲ್ಲಿ ಮುಖ್ಯವಾಗಿ ಮೂರು ಖನಿಜ. ಬೆಣಚು ಹೆಚ್ಚುಕಡಿಮೆ ಹಾಗೇ ಉಳಿದು ಮರಳಾಗುತ್ತದೆ. ಫೆಲ್ಡ್‌ಸ್ಪಾರ್ ತನ್ನ ಪೊಟ್ಯಾಸಿಯಂ, ಸೋಡಿಯಂ ಮತ್ತು ಸಿಲಿಕಾದ ಒಂದು ಭಾಗವನ್ನು ನೀರಿಗೆ ಬಿಟ್ಟುಕೊಟ್ಟು ಬಿಳಿ ಜೇಡಿಯಾಗುತ್ತದೆ. ಕೆಯೊಲಿನ್ ಎನ್ನುವುದು ಇದನ್ನೇ. ಕಪ್ಪು ಅಭ್ರಕ, ಅಂದರೆ ಕಾಗೆಬಂಗಾರದ ಜಾತಿಯದು, ನೀರು ಹೀರಿ ಉಬ್ಬಿ ಸುತ್ತಲಿನ ಕಣಗಳನ್ನು ಸಡಿಲಿಸುತ್ತದೆ. ಅದರೊಳಗಿನ ಕಬ್ಬಿಣ ತುಕ್ಕಾಗಿ ನೆಲಕ್ಕೆ ಕೆಂಪು ಬಣ್ಣ ಕೊಡುತ್ತದೆ.

ಈಗ ಧರೆಯನ್ನು ಮೇಲಿನಿಂದ ಕೆಳಕ್ಕೆ ನೋಡಿ. ದರಗು ಬೆರೆತ ಕಪ್ಪು ಮಣ್ಣು, ಅದರಡಿ ಜಂಬಿಟ್ಟಿಗೆ (ಇಟ್ಟಿಗೆಯಂತೆ ಕಡಿಯುವ ಕೆಂಪು ಕಲ್ಲು, ಲ್ಯಾಟರೈಟ್), ಅದರಡಿ ಬಿಳಿ ಅಥವಾ ನಸುಗೆಂಪಿನ ಶೇಡಿ ಮಣ್ಣು. ಆಮೇಲೆ ಕೊಳೆತ ಕಲ್ಲು, ಅದರ ನಡುವೆ ಗುಂಡುಕಲ್ಲುಗಳು, ಕೊನೆಗೆ ಗಟ್ಟಿ ಬಂಡೆ. ಎಲ್ಲ ಕಡೆ ಎಲ್ಲ ಪದರವೂ ಸಿಗುವುದಿಲ್ಲ. ಗುಂಡುಕಲ್ಲು ಹೊಳೆ ಉರುಳಿಸಿ ತಂದದ್ದಲ್ಲ. ಬಂಡೆಯ ಸೀಳುಗಳಲ್ಲಿ ಇಳಿದ ನೀರು ಮೂಲೆಗಳನ್ನು ಎರಡು ಮೂರು ಬದಿಯಿಂದ ತಿನ್ನುವುದರಿಂದ ಚೌಕದ ತುಂಡು ನಿಂತಲ್ಲೇ ದುಂಡಾಗಿರುತ್ತದೆ. ಜಂಬಿಟ್ಟಿಗೆ ಅಗೆದಾಗ ಮೆತ್ತಗಿದ್ದು ಗಾಳಿಗೆ ಬಿಟ್ಟ ಮೇಲೆ ಗಟ್ಟಿಯಾಗುವುದನ್ನು ಬ್ರಿಟಿಷರ ಕಾಲದ ಸಮೀಕ್ಷಕ ಫ್ರಾನ್ಸಿಸ್ ಬುಕಾನನ್ 1807ರಲ್ಲಿ ಅಚ್ಚಾದ ಪ್ರವಾಸ ವರದಿಯಲ್ಲೇ ಬರೆದಿದ್ದಾನೆ. ಈ ಗುಣ ಗೋಡೆ ಕಟ್ಟುವವರಿಗೆ ವರ. ಧರೆ ಕಡಿಯುವವರನ್ನು ಅದೇ ಗುಣ ಮೋಸಗೊಳಿಸುತ್ತದೆ, ಏಕೆಂದರೆ ಮೇಲಿನ ಗಟ್ಟಿ ತಲೆಯನ್ನು ಕಂಡು ಕೆಳಗಿನದೂ ಗಟ್ಟಿ ಎಂದುಕೊಳ್ಳುತ್ತೇವೆ.

ಜಂಬಿಟ್ಟಿಗೆಯ ತುಂಬ ತೂತು. ನೀರು ಸಲೀಸಾಗಿ ಇಳಿಯುತ್ತದೆ. ಶೇಡಿಗೆ ಬಂದಾಗ ತಡೆದು, ಅಡ್ಡಕ್ಕೆ ಹರಿದು, ಧರೆಯ ಮುಖದಲ್ಲಿ ಜಲವಾಗಿ, ಅಂದರೆ ಒರತೆಯಾಗಿ, ಏಳುತ್ತದೆ. ಹಾಗೆ ಬರುವಾಗ ಸಣ್ಣ ಕಣಗಳನ್ನು ಹೊತ್ತು ತರುವುದರಿಂದ ಒಳಗೆ ಪೊಳ್ಳು ಬೀಳುತ್ತದೆ, ಮೇಲಿನ ಜಂಬಿಟ್ಟಿಗೆ ಆಧಾರವಿಲ್ಲದೆ ನಿಲ್ಲುತ್ತದೆ. ತೂಕವನ್ನೂ ಲೆಕ್ಕ ಹಾಕಿ. ಶೇ. 40ರಷ್ಟು ರಂಧ್ರವಿರುವ ಒಂದು ಘನ ಮೀಟರ್ ಒಣಮಣ್ಣು ಪೂರ್ತಿ ನೆನೆದರೆ 400 ಕೆ.ಜಿ. ಹೆಚ್ಚಾಗುತ್ತದೆ. ಬೇಸಿಗೆಯಲ್ಲಿ ಕಣಗಳ ನಡುವಿನ ಅಲ್ಪ ತೇವವೇ ಅವನ್ನು ಬಿಗಿಹಿಡಿದಿರುತ್ತದೆ. ರಂಧ್ರ ತುಂಬಿದ ಕೂಡಲೇ ಆ ಬಿಗಿ ಹೋಗುತ್ತದೆ. ಮಾರ್ಚಿನಲ್ಲಿ ನೆಟ್ಟಗೆ ಕಡಿದ ಧರೆ ಜುಲೈನಲ್ಲಿ ಕುಸಿಯುವುದು ಇದರಿಂದ. ಇನ್ನೊಂದು ವಿಷಯ ಹಲವರ ಗಮನಕ್ಕೆ ಬರುವುದಿಲ್ಲ: ಕಲ್ಲು ಮಣ್ಣಾದರೂ ಅದರ ಹಳೆಯ ಸೀಳುಗಳು ಹಾಗೇ ಉಳಿದಿರುತ್ತವೆ. ಕಪ್ಪು ಲೇಪ ಹಿಡಿದ, ಮುಟ್ಟಿದರೆ ನುಣುಪಾದ ಅಂಥ ಸೀಳು ನಿಮ್ಮ ಮನೆಯ ಕಡೆಗೇ ಇಳಿಜಾರಾಗಿದ್ದರೆ ಅಲ್ಲಿ ಕಡಿಯುವುದನ್ನು ನಿಲ್ಲಿಸಿ, ಭೂವಿಜ್ಞಾನ ಬಲ್ಲವರನ್ನು ಕರೆಸಿ.

ಒಂದು ಸುಲಭ ಪರೀಕ್ಷೆ ಇದೆ. ಧರೆಯ ಬುಡದಿಂದ ಹಿಡಿಗಾತ್ರದ ತುಂಡು ತೆಗೆದು ಒಣಗಿಸಿ, ಬಕೆಟ್ ನೀರಿನಲ್ಲಿ ಬಿಡಿ. ಕರಗಿ ಪುಡಿಯಾದರೆ, ನೋಡಲು ಕಲ್ಲಿನಂತಿದ್ದರೂ ಅದು ಮಣ್ಣೇ. ಹಾಗೇ ಉಳಿದು, ಸುತ್ತಿಗೆಯ ಪೆಟ್ಟಿಗೆ ಮಂದ ಸದ್ದು ಮಾಡಿ ಒಡೆದರೆ ಅರೆಕೊಳೆತದ್ದು. ಗಟ್ಟಿ ಬಂಡೆ ಠಣ್ಣೆನ್ನುತ್ತದೆ.

ಮಣ್ಣೇ ಆಗಿದ್ದರೆ ನೆಟ್ಟಗೆ ಕಡಿಯಬೇಡಿ. ಸುಮಾರು ಒಂದೂವರೆ ಮೀಟರಿಗೊಂದು ಮೆಟ್ಟಿಲು ಬಿಟ್ಟು, ಮುಖಕ್ಕೆ ಓರೆ ಕೊಡಿ. ಧರೆ ಎಷ್ಟು ಎತ್ತರವೋ ಕನಿಷ್ಠ ಅಷ್ಟು ದೂರದಲ್ಲಿ ಮನೆಯ ಗೋಡೆ ಇರಲಿ. ನೆತ್ತಿಯ ಹಿಂದೆ ಕಾಲುವೆ ತೆಗೆದರೆ ಅದಕ್ಕೆ ಗಾರೆ ಅಥವಾ ಸಿಮೆಂಟು ಹಾಕಲೇಬೇಕು; ಬರಿ ಮಣ್ಣಿನ ಕಾಲುವೆ ನೀರನ್ನು ಧರೆಯೊಳಕ್ಕೇ ಇಂಗಿಸುತ್ತದೆ. ಇಂಗುಗುಂಡಿ ಒಳ್ಳೆಯದೇ, ಆದರೆ ಧರೆಯ ನೆತ್ತಿಯ ಮೇಲೆ ಬೇಡ. ತಡೆಗೋಡೆ ಕಟ್ಟಿದರೆ ಒಂದೂವರೆ ಮೀಟರಿಗೊಂದರಂತೆ 75ರಿಂದ 100 ಮಿ.ಮೀ. ಕೊಳವೆಯನ್ನು ಹೊರಕ್ಕೆ ಇಳಿಜಾರಾಗಿ ಕೂರಿಸಿ, ಗೋಡೆಯ ಹಿಂದೆ ಜಲ್ಲಿ ತುಂಬಿ. ನೀರಿಗೆ ದಾರಿಯಿಲ್ಲದ ಗೋಡೆ ಮಣ್ಣಿನ ಜೊತೆಗೆ ನೀರಿನ ಒತ್ತಡವನ್ನೂ ಹೊರಬೇಕಾಗುತ್ತದೆ, ಬಹಳ ಗೋಡೆಗಳು ಬೀಳುವುದು ಅದರಿಂದಲೇ.

ಮಳೆಗಾಲದಲ್ಲಿ ನೆತ್ತಿಯ ಮೇಲೆ ಅಂಚಿಗೆ ಸಮಾನಾಂತರವಾಗಿ ಓಡುವ ಬಿರುಕು, ವಾಲಿದ ಮರ, ಉಬ್ಬಿದ ಬುಡ ಕಂಡರೆ ತಡಮಾಡಬೇಡಿ. ಬುಡದ ಜಲದ ಮೇಲೂ ಕಣ್ಣಿರಲಿ. ತಿಳಿಯಾಗಿ ಬರುತ್ತಿದ್ದ ನೀರು ಇದ್ದಕ್ಕಿದ್ದಂತೆ ಕೆಂಪಗೋ ಬೆಳ್ಳಗೋ ಆದರೆ ಒಳಗಿನ ಮಣ್ಣು ಹೊರಟಿದೆ ಎಂದರ್ಥ. ಜೋರು ಮಳೆಯಲ್ಲೂ ಜಲ ಫಕ್ಕನೆ ನಿಂತರೆ ಒಳದಾರಿ ಕಟ್ಟಿಕೊಂಡು ನೀರು ಹಿಂದೆ ತುಂಬುತ್ತಿರಬಹುದು. ಎರಡರಲ್ಲಿ ಯಾವುದಾದರೂ ಸರಿ, ಆ ರಾತ್ರಿ ಆ ಮನೆಯಲ್ಲಿ ಯಾರೂ ಮಲಗಬೇಡಿ. ಕೊಟ್ಟಿಗೆಯ ದನಗಳನ್ನೂ ಬಿಚ್ಚಿ ಬೇರೆಡೆ ಕಟ್ಟಿ.