ಇನ್ನಾ ಎರಡು ದಿನ ಬೇಕು

ನಮಸ್ಕಾರ ಕೇಳುಗರೇ.

ಕಲಬುರಗಿ ಸುತ್ತಮುತ್ತ ಈಗ ತೊಗರಿ ರಾಶಿಯ ಕಾಲ. ಆದರೆ ನಮ್ಮ ಮನೆಯಲ್ಲಿ ಕೆಲವು ದಿನಗಳಿಂದ ಬೇರೆಯದೇ ಮಾತು ನಡೆದಿದೆ. ನಮ್ಮ ಅಣ್ಣನ ಮಗ ಇಂಜಿನಿಯರಿಂಗ್ ಓದುತ್ತಾನೆ. 2025ರ ನವೆಂಬರ್‌ನಲ್ಲಿ ಒಂದು ಸಂಜೆ ಫೋನ್ ಹಿಡಿದುಕೊಂಡೇ ನನ್ನ ಹತ್ತಿರ ಬಂದ. ಮುಖ ಸಪ್ಪಗಾಗಿತ್ತು.

“ಕಾಕಾ, ಮತ್ತ ಮುಂದ ಹಾಕ್ಯಾರ” ಅಂದ.

ಅವನು ಹೇಳಿದ್ದು ಗ್ರ್ಯಾಂಡ್ ಥೆಫ್ಟ್ ಆಟೋ ಅನ್ನುವ ವಿಡಿಯೋ ಗೇಮ್ ಸರಣಿಯ ಆರನೇ ಆಟದ ಸುದ್ದಿ. ಮೊದಲು 2025ಕ್ಕೆ ಬರುತ್ತದೆ ಅಂದಿದ್ದರು. ಆಮೇಲೆ 2026ರ ಮೇ 26 ಅಂದರು. ಆ ಸಂಜೆಯ ಸುದ್ದಿಯಲ್ಲಿ ಅದೇ ವರ್ಷದ ನವೆಂಬರ್ 19 ಅಂದಿದ್ದರು. ಹುಡುಗ ಒಂದು ವರ್ಷದಿಂದ ದುಡ್ಡು ಕೂಡಿಸಿ ಇಟ್ಟಿದ್ದಾನೆ. ಬೇಜಾರಾಗದೆ ಇರುತ್ತದಾ? ನಾನು ಮಾತ್ರ “ಚಲೋ ಆಯ್ತು ಬಿಡಪ್ಪಾ” ಅಂದೆ. ಎರಡು ದಿನ ನನ್ನ ಜೊತೆ ಮಾತು ಬಿಟ್ಟ.

ನಾನು ಹಾಗೆ ಯಾಕೆ ಅಂದೆ ಅನ್ನೋದನ್ನೇ ಇವತ್ತು ನಿಮ್ಮ ಮುಂದೆ ಹೇಳುತ್ತೇನೆ.

ನಾನು ಊರಿಗೆ ವಾಪಸ್ ಬರುವ ಮುಂಚೆ ಆರು ವರ್ಷ ಗೇಮ್ ಟೆಸ್ಟಿಂಗ್ ಕೆಲಸ ಮಾಡಿದವನು. ಇಡೀ ದಿನ ಆಟ ಆಡಿ ಸಂಬಳ ತಗೊಳ್ಳೋ ಕೆಲಸ ಅಂತ ಎಷ್ಟೋ ಜನ ತಿಳಿದುಕೊಂಡಿದ್ದಾರೆ. ಹಾಗಲ್ಲ. ಆಟದೊಳಗಿನ ಒಂದೇ ಬಾಗಿಲನ್ನು ನೂರಾರು ಸಲ ತೆರೆಯಬೇಕು. ನಿಂತು ತೆರೆಯಬೇಕು, ಓಡಿ ಬಂದು ತೆರೆಯಬೇಕು, ಅರ್ಧ ತೆರೆದಾಗ ಆಟ ನಿಲ್ಲಿಸಿ ಮತ್ತೆ ಶುರು ಮಾಡಬೇಕು. ಎಲ್ಲಿ ಕೆಡುತ್ತದೆ ಅಂತ ಹುಡುಕುತ್ತಾ ಹೋಗಬೇಕು. ಹಾಗೆ ಸಿಕ್ಕ ತಪ್ಪಿಗೆ ಬಗ್ ಅನ್ನುತ್ತಾರೆ.

ಒಮ್ಮೆ ನಮ್ಮ ಕೈಗೆ ಒಂದು ಕಬಡ್ಡಿ ಆಟ ಬಂತು, ಮೊಬೈಲ್‌ನಲ್ಲಿ ಆಡುವಂಥದ್ದು. ನಿಮಗೆ ಗೊತ್ತು, ಕಬಡ್ಡಿಯಲ್ಲಿ ಒಂದು ರೈಡ್‌ಗೆ 30 ಸೆಕೆಂಡ್. ಆಟದ ಮಧ್ಯ ಯಾರಾದರೂ ಫೋನ್ ಮಾಡಿದರೆ ಆಟ ಮರೆಯಾಗುತ್ತಿತ್ತು, ಸರಿ. ಆದರೆ ಒಳಗಿನ ಗಡಿಯಾರ ನಿಲ್ಲುತ್ತಿರಲಿಲ್ಲ. ಮಾತು ಮುಗಿಸಿ ವಾಪಸ್ ಬರುವಷ್ಟರಲ್ಲಿ ರೈಡರ್ ಔಟ್! ಕೆಲವೊಮ್ಮೆ ಇಡೀ ಪಂದ್ಯದ ಅಂಕವೇ ಅಳಿಸಿ ಹೋಗುತ್ತಿತ್ತು. ನಾನು ಬರೆದು ಕೊಟ್ಟೆ. ಮೂರು ವಾರ ಕೊಡಿ ಅಂತ ನಮ್ಮ ತಂಡ ಕೇಳಿತು. ದೀಪಾವಳಿಗೆ ಬಿಡಲೇಬೇಕು ಅಂತ ಮೇಲಿನವರು ಹಟ ಹಿಡಿದರು. ಬಿಟ್ಟರು.

ದೀಪಾವಳಿ ದಿನ ಯಾರ ಫೋನ್ ಸುಮ್ನೆ ಇರುತ್ತದೆ ಹೇಳಿ! ಎಲ್ಲರಿಗೂ ಶುಭಾಶಯದ ಕರೆ. ಸಂಜೆ ಹೊತ್ತಿಗೆ ಒಂದೇ ನಕ್ಷತ್ರದ ರೇಟಿಂಗ್‌ಗಳು ಸಾಲುಸಾಲಾಗಿ ಬಂದವು. ಆಮೇಲೆ ತಿದ್ದಿದೆವು. ತಿದ್ದಿದ್ದು ಯಾರಿಗೆ? ಆಟ ತೆಗೆದುಹಾಕಿದವರು ಮತ್ತೆ ಬರಲಿಲ್ಲ.

ಇನ್ನೊಂದು ವಿಷಯ ಹೊರಗಿನವರಿಗೆ ಕಾಣುವುದಿಲ್ಲ. ಒಂದು ಬಗ್ ತಿದ್ದಿದರೆ ಇನ್ನೊಂದು ಹುಟ್ಟುತ್ತದೆ. ಆ ಗಡಿಯಾರ ಸರಿ ಮಾಡಿದಾಗ ಆಟದ ಸದ್ದೇ ನಿಂತು ಹೋಗಿತ್ತು. ಅಂದರೆ ಪ್ರತಿ ತಿದ್ದುಪಡಿ ಆದ ಮೇಲೂ ಮೊದಲಿಂದ ಎಲ್ಲ ಆಡಿ ನೋಡಬೇಕು. “ಸಣ್ಣ ತಪ್ಪು, ಒಂದು ದಿನದ ಕೆಲಸ” ಅಂತ ಯಾರಾದರೂ ಅಂದರೆ ನನಗೆ ಇವತ್ತಿಗೂ ಹೊಟ್ಟೆಯಲ್ಲಿ ಕಸಿವಿಸಿ ಆಗುತ್ತದೆ.

ಅವಸರದ ಕಥೆ ಹೊಸದೇನಲ್ಲ. 1982ರಲ್ಲಿ ಅಟಾರಿ ಕಂಪನಿ ಇ.ಟಿ. ಸಿನಿಮಾ ಆಧರಿಸಿ ಒಂದು ಆಟ ಮಾಡಿಸಿತು. ಕ್ರಿಸ್‌ಮಸ್ ಮಾರಾಟಕ್ಕೆ ಬೇಕು ಅಂತ ಹಾವರ್ಡ್ ಸ್ಕಾಟ್ ವಾರ್ಷಾ ಅನ್ನುವ ಒಬ್ಬನೇ ಪ್ರೋಗ್ರಾಮರ್‌ಗೆ ಕೊಟ್ಟಿದ್ದು ಐದು ವಾರ ಚಿಲ್ಲರೆ. ಪಾಪ, ಮಾಡಿಯೇ ಕೊಟ್ಟ. ಆದರೆ ಆಡುವವರು ಪದೇ ಪದೇ ಗುಂಡಿಗೆ ಬಿದ್ದು, ಹೊರಗೆ ಬರಲು ಒದ್ದಾಡಿ ಬೇಸತ್ತರು. ಮಾರಾಟವಾಗದೆ ಉಳಿದ ಮಾಲನ್ನು 1983ರಲ್ಲಿ ಅಮೆರಿಕದ ನ್ಯೂ ಮೆಕ್ಸಿಕೋದ ಅಲಮಗಾರ್ಡೊ ಊರ ಹೊರಗೆ ಹೂತು ಹಾಕಿದರು. 2014ರಲ್ಲಿ ಅಗೆದಾಗ ಆ ಕಾರ್ಟ್ರಿಜ್‌ಗಳು, ಅಂದರೆ ಆಟ ತುಂಬಿದ ಡಬ್ಬಿಗಳು, ಸಿಕ್ಕವು.

“ಅದು ಹಳೇ ಕಾಲ ಕಾಕಾ, ಈಗ ಬಿಟ್ಟ ಮೇಲೆ ಅಪ್‌ಡೇಟ್ ಕೊಟ್ರ ಆಯ್ತಲ್ಲ” ಅಂತ ನಮ್ಮ ಹುಡುಗ ವಾದ ಮಾಡಿದ. ಸೈಬರ್‌ಪಂಕ್ 2077 ನೆನಪು ಮಾಡಿಕೊಟ್ಟೆ. ಪೋಲೆಂಡಿನ ಸಿಡಿ ಪ್ರಾಜೆಕ್ಟ್ ರೆಡ್ ಮಾಡಿದ ಆಟ. 2020ರ ಏಪ್ರಿಲ್‌ಗೆ ಅಂತ ಹೇಳಿ, ಮೂರು ಸಲ ಮುಂದೂಡಿ, ಡಿಸೆಂಬರ್ 10ಕ್ಕೆ ಬಿಟ್ಟರು. ಅಷ್ಟಾದರೂ ಸಾಕಾಗಿರಲಿಲ್ಲ. ಸೋನಿ ಕಂಪನಿಯ ಪ್ಲೇಸ್ಟೇಷನ್ 4ರಂಥ ಹಳೇ ಆಟದ ಯಂತ್ರಗಳಲ್ಲಿ ಆಟ ಕುಂಟುತ್ತಿತ್ತು, ನಿಂತೇ ಹೋಗುತ್ತಿತ್ತು. ವಾರದಲ್ಲಿ ಸೋನಿ ತನ್ನ ಆನ್‌ಲೈನ್ ಅಂಗಡಿಯಿಂದ ಅದನ್ನು ತೆಗೆದುಹಾಕಿ, ಕೇಳಿದವರಿಗೆ ದುಡ್ಡು ವಾಪಸ್ ಕೊಟ್ಟಿತು. ಮತ್ತೆ ಅಂಗಡಿಗೆ ಬಂದಿದ್ದು 2021ರ ಜೂನ್‌ನಲ್ಲಿ. ಜನ ಮನಸಾರೆ ಮೆಚ್ಚುವಂತಾಗಿದ್ದು 2023ರ ದೊಡ್ಡ ಅಪ್‌ಡೇಟ್ ಆದ ಮೇಲೆ. ಮೊದಲ ದಿನ ಪೂರ್ತಿ ಬೆಲೆ ಕೊಟ್ಟು, ದುಡ್ಡು ವಾಪಸ್ ಕೇಳದೆ ಆಟ ಇಟ್ಟುಕೊಂಡವನು ಅಲ್ಲಿವರೆಗೂ ಕಾಯಬೇಕಾಯಿತು. ಕಾಯುವುದು ತಪ್ಪಲಿಲ್ಲ, ದುಡ್ಡು ಮಾತ್ರ ಮೊದಲೇ ಹೋಯಿತು.

ನಮ್ಮ ಆಳಂದ, ಅಫಜಲಪುರ ಕಡೆ ಹಳ್ಳಿಯ ಹುಡುಗರ ಪಾಡು ನೋಡಿ. ದಿನಕ್ಕೆ ಒಂದೂವರೆ ಜಿಬಿ ಡೇಟಾ. ದೊಡ್ಡ ಆಟದ ಅಪ್‌ಡೇಟ್ 40 ಜಿಬಿ ಬಂದರೆ ತಿಂಗಳ ಡೇಟಾ ಅದಕ್ಕೇ ಹೋಗುತ್ತದೆ. ಅವರಿಗೆ ಮೊದಲ ಸಲವೇ ಸರಿಯಾಗಿ ಬರಬೇಕು.

ಸರಿಯಾಗಿ ಬಂದದ್ದೂ ಇದೆ. ನಿಂಟೆಂಡೊದ ಜೆಲ್ಡಾ ಸರಣಿಯ ಟಿಯರ್ಸ್ ಆಫ್ ದಿ ಕಿಂಗ್‌ಡಮ್. 2022ಕ್ಕೆ ಬರಬೇಕಿತ್ತು, 2023ರ ಮೇ 12ಕ್ಕೆ ಬಂತು. ಅದರಲ್ಲಿ ಹಲಗೆ, ಗಾಲಿ, ಫ್ಯಾನು, ಕೈಗೆ ಸಿಕ್ಕಿದ್ದನ್ನೆಲ್ಲ ಅಂಟಿಸಿ ಬಂಡಿ ಮಾಡಬಹುದು, ದೋಣಿ ಮಾಡಬಹುದು. ಲಕ್ಷ ಜನ ಆಡಿದರೆ ಲಕ್ಷ ಥರದ ಬಂಡಿ. ಭಾರ ಜಾಸ್ತಿಯಾದರೆ ವಾಲಬೇಕು, ನೀರಿಗೆ ಹಾಕಿದರೆ ಹಲಗೆ ತೇಲಬೇಕು. ಟೆಸ್ಟ್ ಮಾಡುವವರ ಸ್ಥಿತಿ ನೆನೆದರೆ ನನಗೆ ಕೈಮುಗಿಯಬೇಕು ಅನಿಸುತ್ತದೆ. ಆಟ ಬಹುಪಾಲು ಮುಗಿದಿತ್ತು, ಆ ಹೆಚ್ಚಿನ ವರ್ಷ ತಿದ್ದಿ ತೀಡುವುದಕ್ಕೇ ಹೋಯಿತು ಅಂತ ಅದರ ನಿರ್ಮಾಪಕ ಎಯ್ಜಿ ಆವೊನುಮ ಹೇಳಿದ್ದಾರೆ. ಮೂರೇ ದಿನದಲ್ಲಿ ಒಂದು ಕೋಟಿ ಪ್ರತಿ ಮಾರಾಟವಾಯಿತು.

ಹಾಗಂತ ತಡ ಆದದ್ದೆಲ್ಲ ಒಳ್ಳೆಯದೇ ಆಗಿರುತ್ತದೆ ಅಂತಲ್ಲ. ಡ್ಯೂಕ್ ನ್ಯೂಕೆಮ್ ಫಾರೆವರ್ ಅನ್ನುವ ಆಟ 1997ರಲ್ಲಿ ಘೋಷಣೆಯಾಗಿ 2011ರಲ್ಲಿ ಬಂತು, ಜನರಿಗೆ ಹಿಡಿಸಲಿಲ್ಲ. ನಡುನಡುವೆ ಆಟದ ಬುನಾದಿಯನ್ನೇ ಬದಲಿಸುತ್ತಾ ಹೋಗಿದ್ದರು. ಇನ್ನು ದಿನಾಂಕ ಮುಂದೆ ಹಾಕಿ, ಕೆಲಸಗಾರರನ್ನು ರಾತ್ರಿ ಹಗಲು ದುಡಿಸಿದರೆ ಅದೂ ತಪ್ಪೇ. ನಿದ್ದೆ ಇಲ್ಲದ ಕಣ್ಣಿಗೆ ಬಗ್ ಕಾಣುವುದಿಲ್ಲ. ಇದು ನಾನು ಅನುಭವಿಸಿ ಹೇಳುವ ಮಾತು.

ನಮ್ಮ ಅಪ್ಪ ದಾಲ್ ಮಿಲ್ಲಿನಲ್ಲಿ ದುಡಿದವರು. ತೊಗರಿಗೆ ಎಣ್ಣೆ ಸವರಿ, ಅಂಗಳದಲ್ಲಿ ಬಿಸಿಲಿಗೆ ಹರಡುತ್ತಿದ್ದರು. ಬರಿಗಾಲಿನಲ್ಲಿ ಕಾಳಿನ ಮೇಲೆ ನಡೆಯುತ್ತಾ, ಪಾದದಿಂದಲೇ ಸಾಲು ಎಳೆದು ಮಗುಚುತ್ತಿದ್ದರು. ಮಧ್ಯ ಮಧ್ಯ ಒಂದು ಕಾಳು ಬಾಯಿಗೆ ಹಾಕಿ ಕಚ್ಚಿ ನೋಡುತ್ತಿದ್ದರು. ಟಕ್ ಅಂತ ಎರಡು ಹೋಳಾದರೆ ಆಯಿತು. ಹಲ್ಲಿಗೆ ಮೆತ್ತಗೆ ಸಿಕ್ಕರೆ ಮತ್ತೆ ಬಿಸಿಲಿಗೆ. ಒಣಗದ ಕಾಳನ್ನು ಯಂತ್ರಕ್ಕೆ ಹಾಕಿದರೆ ಸಿಪ್ಪೆ ಬಿಡುವುದಿಲ್ಲ. ಜೋರು ಮಾಡಿದರೆ ಬೇಳೆ ಒಡೆದು ನುಚ್ಚಾಗುತ್ತದೆ. ನುಚ್ಚನ್ನು ಬೇಳೆಯ ರೇಟಿಗೆ ಯಾರು ಕೊಳ್ಳುತ್ತಾರೆ?

ಮೊನ್ನೆ ಹೊಲದಿಂದ ನಮ್ಮ ಮನೆಗೂ ತೊಗರಿ ಬಂತು. ಅಂಗಳದಲ್ಲಿ ಹರಡಿದ್ದೇವೆ. ಅಪ್ಪನಿಗೆ ಈಗ ಹಲ್ಲಿಲ್ಲ. ಕಚ್ಚಿ ನೋಡುವ ಕೆಲಸ ಮೊಮ್ಮಗನಿಗೆ ಬಂದಿದೆ. ನಿನ್ನೆ ಸಂಜೆ ಅವನು ಒಂದು ಕಾಳು ಬಾಯಿಗೆ ಹಾಕಿಕೊಂಡ. ಸ್ವಲ್ಪ ಹೊತ್ತು ಸುಮ್ಮನಿದ್ದ.

“ಇನ್ನಾ ಎರಡು ದಿನ ಬೇಕು, ಮುತ್ಯಾ” ಅಂದ.

ನಮಸ್ಕಾರ.